ಜಾರ್ಜಿಯಾ ಓ'ಕೀಫ್

ಜಾರ್ಜಿಯಾ ಓ'ಕೀಫ್ (ನವೆಂಬರ್ 15, 1887 – ಮಾರ್ಚ್ 6, 1986) ಅಮೆರಿಕದ ಪ್ರಸಿದ್ಧ ಚಿತ್ರಕಲಾವಿದೆ. ಬೃಹದಾಕಾರದ ಹೂವುಗಳು, ಪ್ರಾಣಿಗಳ ತಲೆಬುರುಡೆಗಳು ಹಾಗೂ ನ್ಯೂ ಮೆಕ್ಸಿಕೋದ ಒಣಗುಡ್ಡಗಳ ಚಿತ್ರಗಳಿಂದ ಇವರು ಹೆಸರಾಗಿದ್ದಾರೆ.

ಆರಂಭಿಕ ಜೀವನ

ವಿಸ್ಕಾನ್ಸಿನ್ ರಾಜ್ಯದ ಸನ್ ಪ್ರೇರಿ ಬಳಿಯ ರೈತ ಕುಟುಂಬವೊಂದರಲ್ಲಿ, ಏಳು ಮಕ್ಕಳಲ್ಲಿ ಎರಡನೆಯವರಾಗಿ ಜನಿಸಿದರು. ಚಿಕಾಗೋ ಮತ್ತು ನ್ಯೂಯಾರ್ಕ್‌ಗಳಲ್ಲಿ ಕಲಾಭ್ಯಾಸ ಮಾಡಿ 1908ರಲ್ಲಿ ಬಹುಮಾನವನ್ನೂ ಪಡೆದರು. ಆದರೆ ಹಿಂದಿನವರ ಅನುಕರಣೆ ಮನಸ್ಸಿಗೆ ಒಗ್ಗಲಿಲ್ಲ. ಮನೆಯ ಆರ್ಥಿಕ ಸ್ಥಿತಿಯೂ ಹದಗೆಟ್ಟಿತ್ತು. ಕೆಲಕಾಲ ಕುಂಚವನ್ನೇ ಕೆಳಗಿಟ್ಟರು. ಜಪಾನೀ ಕಲೆಯಿಂದ ಪ್ರಭಾವಿತರಾದ ಆರ್ಥರ್ ವೆಸ್ಲಿ ಡೌ ಅವರ ವಿಚಾರಗಳು 1912ರಲ್ಲಿ ಅವರನ್ನು ಮತ್ತೆ ಕಲೆಯತ್ತ ಸೆಳೆದವು. ಟೆಕ್ಸಾಸಿನ ಅಮರಿಲ್ಲೋದಲ್ಲಿ ಚಿತ್ರಕಲಾ ಶಿಕ್ಷಕಿಯಾದರು. 1915ರಲ್ಲಿ ದಕ್ಷಿಣ ಕ್ಯಾರೊಲಿನಾದ ಕಾಲೇಜಿನಲ್ಲಿ ಪಾಠ ಮಾಡುತ್ತಲೇ, ಇದ್ದಿಲಿನಿಂದ ಅಮೂರ್ತ ಚಿತ್ರಗಳನ್ನು ರಚಿಸಿದರು. ಅವರ ಸ್ವಂತ ಶೈಲಿ ಮೂಡಿದ್ದು ದೊಡ್ಡ ಕಲಾಶಾಲೆಯಲ್ಲಲ್ಲ, ಈ ಅಧ್ಯಾಪನದ ಬಿಡುವಿನಲ್ಲಿ.

ಗೆಳತಿ ಅನಿತಾ ಪೊಲಿಟ್ಜರ್ ಆ ಚಿತ್ರಗಳನ್ನು ನ್ಯೂಯಾರ್ಕಿನ ಖ್ಯಾತ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರಿಗೆ ತೋರಿಸಿದರು. 1916ರಲ್ಲಿ ಅವರು ಕಲಾವಿದೆಯ ಒಪ್ಪಿಗೆಯಿಲ್ಲದೆಯೇ ಅವುಗಳನ್ನು ತಮ್ಮ ಗ್ಯಾಲರಿಯಲ್ಲಿ ಪ್ರದರ್ಶಿಸಿದರು. ಓ'ಕೀಫ್ ಹೋಗಿ ಆಕ್ಷೇಪಿಸಿದರಾದರೂ ಕೊನೆಗೆ ಚಿತ್ರಗಳನ್ನು ಅಲ್ಲಿಯೇ ಉಳಿಯಗೊಟ್ಟರು. 1924ರಲ್ಲಿ ಇಬ್ಬರೂ ವಿವಾಹವಾದರು.

ಹೂವಿನ ಚಿತ್ರಗಳು ಮತ್ತು ವಿವಾದ

ಸ್ಟೀಗ್ಲಿಟ್ಜ್ ತೆಗೆದಿದ್ದ ಓ'ಕೀಫರ ನಗ್ನ ಛಾಯಾಚಿತ್ರಗಳು 1921ರಲ್ಲಿ ಪ್ರದರ್ಶನಗೊಂಡಿದ್ದವು. ಅವುಗಳ ಪ್ರಭಾವದಿಂದ ವಿಮರ್ಶಕರು ಅವರ ಹೂವುಗಳಲ್ಲಿ ಸ್ತ್ರೀದೇಹವನ್ನೇ ಕಂಡರು. ಓ'ಕೀಫ್ ಈ ವ್ಯಾಖ್ಯಾನವನ್ನು ಜೀವನಪೂರ್ತಿ ನಿರಾಕರಿಸಿದರು. ಗಡಿಬಿಡಿಯ ನಗರದ ಜನರು ಹೂವನ್ನು ನಿಂತು ನೋಡಲಿ ಎಂಬುದಷ್ಟೇ ಅದನ್ನು ದೊಡ್ಡದಾಗಿ ಚಿತ್ರಿಸಿದುದರ ಉದ್ದೇಶವೆಂಬುದು ಅವರ ನಿಲುವಾಗಿತ್ತು. 1970ರ ದಶಕದಲ್ಲಿ ಸ್ತ್ರೀವಾದಿಗಳು ಅದೇ ವ್ಯಾಖ್ಯಾನವನ್ನು ಅಭಿಮಾನದಿಂದ ಮುಂದಿಟ್ಟಾಗಲೂ ಒಪ್ಪಲಿಲ್ಲ. ಮಹಿಳಾ ಕಲಾವಿದೆ ಎಂಬ ವಿಶೇಷಣವೂ ಅವರಿಗೆ ಬೇಡವಾಗಿತ್ತು.

ನ್ಯೂ ಮೆಕ್ಸಿಕೋ

1929ರಿಂದ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋಗೆ ಹೋಗತೊಡಗಿದರು. ಆ ಒಣನೆಲದಲ್ಲಿ ಹೂವು ವಿರಳ. ಬಿದ್ದಿದ್ದ ದನಗಳ ಎಲುಬುಗಳನ್ನೇ ಪೀಪಾಯಿಯಲ್ಲಿ ತುಂಬಿಸಿ ನ್ಯೂಯಾರ್ಕಿಗೆ ಕಳುಹಿಸಿಕೊಂಡು ಚಿತ್ರಿಸಿದರು. ಅನೇಕರಿಗೆ ಅವು ಸಾವಿನ ಸಂಕೇತವಾಗಿ ಕಂಡವು; ಅವರಿಗೆ ಹಾಗಿರಲಿಲ್ಲ. 1946ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಅವರ ಸಮಗ್ರ ಪ್ರದರ್ಶನ ಏರ್ಪಡಿಸಿತು. ಅಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಇವರು. ಅದೇ ವರ್ಷ ಪತಿ ನಿಧನರಾದರು. 1949ರಲ್ಲಿ ನ್ಯೂ ಮೆಕ್ಸಿಕೋದಲ್ಲಿಯೇ ನೆಲೆಸಿದರು.

ಕೊನೆಯ ವರ್ಷಗಳು

1970ರ ದಶಕದ ಆರಂಭದಲ್ಲಿ ದೃಷ್ಟಿ ಮಂದವಾಯಿತು. ಆ ಬಳಿಕ ಜೇಡಿಮಣ್ಣಿನ ಕೆಲಸವನ್ನೂ ಕಲಿತರು. 1977ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು. ಸಾಂತಾ ಫೆಯಲ್ಲಿ 98ನೆಯ ವಯಸ್ಸಿನಲ್ಲಿ ನಿಧನರಾದರು. 1997ರಲ್ಲಿ ಅದೇ ಊರಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಆರಂಭವಾಯಿತು. 1932ರಲ್ಲಿ ಅವರು ರಚಿಸಿದ ಬಿಳಿ ಹೂವಿನ ಚಿತ್ರವೊಂದು 2014ರ ಹರಾಜಿನಲ್ಲಿ 4 ಕೋಟಿ 44 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಮಹಿಳೆಯೊಬ್ಬರ ಕಲಾಕೃತಿಗೆ ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಚಿತ್ರದಲ್ಲಿರುವುದು ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ ಉಮ್ಮತ್ತಿಯ ಜಾತಿಗೆ ಸೇರಿದ ಹೂವು.