ಕೊಂಕಣಿಗೆ ವ್ಯಾಕರಣ ಬರೆದ ಪಾದ್ರಿ ಸ್ಟೀಫನ್ಸರು

ಎಂಟನೆಯ ತರಗತಿಯಲ್ಲಿ ಹಿಂದಿ ಪಾಠ ನಡೆದಿತ್ತು. ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ತಾನು ಹಿಂದಿನ ದಿನ ಶಾಲೆಗೆ ಬರಲಿಲ್ಲವೆಂದು ಹೇಳಹೋಗಿ, ‘ಆಯೀ’ ಎನ್ನಬೇಕಾದಲ್ಲಿ ‘ಆಯಾ’ ಎಂದುಬಿಟ್ಟಳು. ಹುಡುಗರು ಗೊಳ್ಳೆಂದು ನಕ್ಕರು. ಅವಳು ಕುಳಿತವಳು ಆ ವಾರವೆಲ್ಲ ಹಿಂದಿಯಲ್ಲಿ ಬಾಯಿ ಬಿಡಲಿಲ್ಲ. ನಕ್ಕವರೇನೂ ಪಂಡಿತರಲ್ಲ. ಅವರ ಉತ್ತರ ಪತ್ರಿಕೆಗಳನ್ನು ಹಿಂದಿ ಅಧ್ಯಾಪಕರು ನನಗೆ ತೋರಿಸಿದರು. ‘ಮೇರಾ ಕಿತಾಬ್’, ‘ಠಂಡೀ ಪಾನೀ’ ಎಂಬ ತಪ್ಪುಗಳು ಪುಟಪುಟಕ್ಕೂ ಇದ್ದುವು.

ಗೋವೆಯಲ್ಲಿ ಬೆಳೆಯುವ ನಮ್ಮ ಕನ್ನಡ ಮಕ್ಕಳಿಗೆ ಇದು ಕೇವಲ ಅಂಕಗಳ ಮಾತಲ್ಲ. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಯಲು ಬಂದ ಎಷ್ಟೋ ಮನೆಗಳಲ್ಲಿ, ಆಸ್ಪತ್ರೆಗೋ ಕಚೇರಿಗೋ ಹೋಗುವಾಗ ತಂದೆತಾಯಿಗಳು ಮಾತಿಗೆಂದು ಮಕ್ಕಳನ್ನೇ ಜೊತೆಗೆ ಕರೆದೊಯ್ಯುತ್ತಾರೆ. ಅಂಥ ಮನೆಯ ಮಗು ನಗೆಗೆ ಅಂಜಿ ಬಾಯಿ ಮುಚ್ಚಿಕೊಂಡರೆ ಇಡೀ ಮನೆಯೇ ಮೂಕವಾದಂತೆ. ಆದ್ದರಿಂದ, ಇದೇ ತೊಡಕನ್ನು ಇದೇ ಗೋವೆಯಲ್ಲಿ ನಾಲ್ಕು ಶತಮಾನಗಳ ಹಿಂದೆ ಎದುರಿಸಿದ ಒಬ್ಬರ ಜೀವನವನ್ನು ಈ ಬಾರಿ ಬರೆಯೋಣವೆನಿಸಿತು.

ಥಾಮಸ್ ಸ್ಟೀಫನ್ಸರು ಸುಮಾರು 1549ರಲ್ಲಿ ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ ಹುಟ್ಟಿದರು. ತಂದೆ ವ್ಯಾಪಾರಿ. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಮತದವರಿಗೆ ಬಹಳ ಕಷ್ಟದ ಕಾಲ. ತಮ್ಮ ಮತವನ್ನು ಬಿಡಲೊಲ್ಲದ ಸ್ಟೀಫನ್ಸರು ದೇಶವನ್ನೇ ಬಿಟ್ಟು ರೋಮಿಗೆ ಹೋಗಿ, 1575ರಲ್ಲಿ ಯೇಸುಸಭೆಯನ್ನು ಸೇರಿದರು. ಅಲ್ಲಿಂದ ಭಾರತಕ್ಕೆ ಹೋಗಲು ಅಪ್ಪಣೆ ಪಡೆದು, 1579ರ ಏಪ್ರಿಲ್ 4ರಂದು ಲಿಸ್ಬನ್ನಿನಲ್ಲಿ ಹಡಗು ಹತ್ತಿದರು. ಆಫ್ರಿಕಾ ಖಂಡದ ದಕ್ಷಿಣದ ತುದಿಯನ್ನು ಸುತ್ತಿಕೊಂಡು ಬರುವ ದಾರಿ. ಗಾಳಿಯಿಲ್ಲದೆ ಹಡಗು ನಿಂತಲ್ಲೇ ನಿಲ್ಲುವುದು, ಕುಡಿಯುವ ನೀರು ಕಡಿಮೆಯಾಗುವುದು, ಒಸಡು ಊದಿಕೊಳ್ಳುವ ರೋಗ ಬಂದು ಜನ ಸಾಯುವುದು, ಇವನ್ನೆಲ್ಲ ಕಂಡು ಅಕ್ಟೋಬರ್ 24ರಂದು ಅವರು ಗೋವೆಯಲ್ಲಿ ಇಳಿದರು. ಆರು ತಿಂಗಳಿಗೂ ಮೀರಿದ ಪಯಣ! ಬಂದ ಕೆಲವೇ ದಿನಗಳಲ್ಲಿ ತಂದೆಗೆ ಬರೆದ ಪತ್ರದಲ್ಲಿ ಈ ಪಯಣವನ್ನು ಹಾರುವ ಮೀನುಗಳ ಸಮೇತ ವರ್ಣಿಸಿದ್ದಾರೆ. ಹಕ್ಲೂಯ್ಟ್ ಎಂಬವರು ಅದನ್ನು ಮುಂದೆ ತಮ್ಮ ಸಮುದ್ರಯಾನಗಳ ಸಂಗ್ರಹದಲ್ಲಿ ಅಚ್ಚು ಹಾಕಿಸಿದರು. ಭಾರತದಲ್ಲಿ ನೆಲೆಸಿದ ಮೊದಲ ಇಂಗ್ಲಿಷರು ಇವರೇ ಎಂದು ಹೇಳುವುದುಂಟು.

ಅವರು ಮುಂದಿನ ಸುಮಾರು ನಲವತ್ತು ವರ್ಷಗಳನ್ನು ಕಳೆದದ್ದು ಬಹುಪಾಲು ಸಾಷ್ಟಿಯಲ್ಲಿ, ಎಂದರೆ ಮಡಗಾಂವ್, ರಾಯ್ತೂರುಗಳ ಸುತ್ತಿನ ಹಳ್ಳಿಗಳಲ್ಲಿ. ಆ ನಾಡಿನ ಅಂದಿನ ಸ್ಥಿತಿಯನ್ನು ಮುಚ್ಚಿಡುವುದು ಸರಿಯಲ್ಲ. 1567ರಲ್ಲಿ ಪೋರ್ಚುಗೀಸರು ಸಾಷ್ಟಿಯ ದೇವಾಲಯಗಳನ್ನು ಕೆಡವಿದ್ದರು. ಆ ವರ್ಷಗಳಲ್ಲಿ ಜನರು ದೇವರ ಮೂರ್ತಿಗಳನ್ನು ಹೊತ್ತು ಹೊಳೆ ದಾಟಿಸಿದ್ದರು; ಕೆಳಶಿಯ ಶಾಂತಾದುರ್ಗೆ ಕವಳೆಗೆ ಬಂದದ್ದು ಹೀಗೆಯೇ. 1583ರ ಜುಲೈಯಲ್ಲಿ ಕುಂಕಳ್ಳಿಯ ಜನ ರೊಚ್ಚಿಗೆದ್ದು ಐವರು ಪಾದ್ರಿಗಳನ್ನು ಕೊಂದರು. ಸತ್ತವರಲ್ಲಿ, ಅಕ್ಬರನ ಆಸ್ಥಾನಕ್ಕೆ ಹೋಗಿ ಬಂದಿದ್ದ ರೊದೊಲ್ಫೊ ಅಕ್ವಾವಿವಾ ಒಬ್ಬರು. ಶವಗಳನ್ನು ತರಿಸಿ ಮಣ್ಣು ಮಾಡುವ ಕೆಲಸ ಸ್ಟೀಫನ್ಸರ ಪಾಲಿಗೆ ಬಂದಿತು. ಆಮೇಲೆ ಪೋರ್ಚುಗೀಸರು ಕುಂಕಳ್ಳಿಯ ಮುಖಂಡರನ್ನು ಅಸೊಳ್ಣೆಯ ಕೋಟೆಗೆ ಕರೆಸಿ ಕೊಲ್ಲಿಸಿದರು. ಸ್ಟೀಫನ್ಸರು ಬಂದದ್ದು ಮತಪ್ರಚಾರಕ್ಕಾಗಿ, ಆ ರಾಜ್ಯದ ಆಶ್ರಯದಲ್ಲಿ. ಅವರ ವ್ಯಾಕರಣವೂ ಪಾದ್ರಿಗಳು ಜನರ ಭಾಷೆಯಲ್ಲಿ ಬೋಧಿಸಲಿ ಎಂದೇ ಹುಟ್ಟಿದ್ದು. ಆದರೂ ಆ ಭಾಷೆಯನ್ನು ಅವರು ಕಲಿತ ಶ್ರದ್ಧೆಯನ್ನು ಬೇರೆಯಾಗಿಯೇ ತೂಗಬೇಕೆಂದು ನನ್ನ ಭಾವನೆ.

ಅದೇ ವರ್ಷದ ಕೊನೆಗೆ ನ್ಯೂಬರಿ, ಫಿಚ್ ಮೊದಲಾದ ನಾಲ್ವರು ಇಂಗ್ಲಿಷರನ್ನು ಗೂಢಚಾರರೆಂಬ ಅನುಮಾನದ ಮೇಲೆ ಹಿಡಿದು ಗೋವೆಗೆ ತಂದಾಗ, ಅವರಿಗೆ ಜಾಮೀನು ಸಿಗುವಂತೆ ನೆರವಾದವರು ಸ್ಟೀಫನ್ಸರು. ಫಿಚ್ ಮುಂದೆ ಗೋವೆಯಿಂದ ತಪ್ಪಿಸಿಕೊಂಡು ನಮ್ಮ ವಿಜಾಪುರದ ಮೂಲಕ ಉತ್ತರ ದೇಶಕ್ಕೆ ಹೋದರು.

ಇನ್ನು ಭಾಷೆಯ ವಿಷಯ. 1583ರ ಅಕ್ಟೋಬರಿನಲ್ಲಿ ಸಹೋದರ ರಿಚರ್ಡನಿಗೆ ಬರೆದ ಪತ್ರದಲ್ಲಿ ಸ್ಟೀಫನ್ಸರು, ಈ ನಾಡಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆಂದು ತಿಳಿಸಿದರು. ಸಂಸ್ಕೃತಕ್ಕೂ ಆ ಭಾಷೆಗಳಿಗೂ ನೆಂಟಸ್ತಿಕೆಯುಂಟೆಂದು ವಿಲಿಯಂ ಜೋನ್ಸರು ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಅದಕ್ಕೆ ಇನ್ನೂರು ವರ್ಷ ಮೊದಲೇ ಗೋವೆಯಲ್ಲಿ ಕುಳಿತವರೊಬ್ಬರ ಕಿವಿಗೆ ಈ ಹೋಲಿಕೆ ಬಿದ್ದಿತ್ತು.

ಕಿವಿಗೆ ಬಿದ್ದರೂ ನಾಲಿಗೆಗೆ ಬರುವುದು ಸುಲಭವಾಗಿರಲಾರದು. ಸ್ಟೀಫನ್ಸರ ತಾಯ್ನುಡಿಯಾದ ಇಂಗ್ಲಿಷಿನಲ್ಲಿ ಮನೆ, ಮರ, ದಾರಿ ಎಲ್ಲವೂ ಒಂದೇ. ಆ ಭಾಷೆಗೂ ಹಿಂದೊಮ್ಮೆ ಮೂರು ಲಿಂಗಗಳಿದ್ದುವು. ಅವರು ಹುಟ್ಟುವ ಹೊತ್ತಿಗೆ ಅಳಿದುಹೋಗಿದ್ದುವು. ಗೋವೆಯ ಆಡಳಿತ ಭಾಷೆಯಾದ ಪೋರ್ಚುಗೀಸಿನಲ್ಲಿ ಲಿಂಗಗಳು ಎರಡು. ಜನರ ಕೊಂಕಣಿಯಲ್ಲಿ ಮೂರು. ಮರ ಪುಲ್ಲಿಂಗ, ‘ಬರೊ ರೂಕ್’. ದಾರಿ ಸ್ತ್ರೀಲಿಂಗ, ‘ಬರಿ ವಾಟ್’. ಮನೆ ನಪುಂಸಕ, ‘ಬರೆಂ ಘರ್’. ಒಳ್ಳೆಯದು ಎಂಬ ಒಂದೇ ಮಾತು ಮುಂದಿನ ಪದವನ್ನು ನೋಡಿ ಮೂರು ರೂಪ ತಾಳುತ್ತದೆ. ‘ಆಂಬೊ’ ಪುಲ್ಲಿಂಗ, ‘ಸುರಿ’ ಸ್ತ್ರೀಲಿಂಗ, ‘ಕೆಳೆಂ’ ನಪುಂಸಕ ಎಂಬುದನ್ನು ಪದದ ಕೊನೆಯ ಸ್ವರ ನೋಡಿ ಊಹಿಸಬಹುದು. ರೂಕ್, ವಾಟ್, ಘರ್ ಎಂಬವುಗಳಿಗೆ ಆ ಗುರುತೂ ಇಲ್ಲ; ಆಡುವವರ ಬಾಯಿಂದಲೇ ಕೇಳಿ ತಿಳಿಯಬೇಕು.

ಇನ್ನೂ ವಿಚಿತ್ರವೆಂದರೆ, ಗೋವೆಯ ಕೊಂಕಣಿಯಲ್ಲಿ ಹುಡುಗ ಬಂದರೆ ‘ಚೆಡೊ ಆಯ್ಲೊ’, ಹೆಂಗಸು ಬಂದರೆ ‘ಬಾಯ್ಲ್ ಆಯ್ಲಿ’, ಹುಡುಗಿ ಬಂದರೆ ಮಾತ್ರ ‘ಚೆಡುಂ ಆಯ್ಲೆಂ’. ಹುಡುಗಿ ಎಂಬ ಪದ ನಪುಂಸಕಲಿಂಗ! ಇದರಲ್ಲಿ ಅವಮಾನವೇನೂ ಇಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಹವ್ಯಕರ ಮನೆಮಾತಿನಲ್ಲಿಯೂ ಹೆಂಗಸರ ವಿಷಯಕ್ಕೆ ‘ಅದು ಬಂತು’ ಎಂದೇ ಹೇಳುವುದು. ಪದದ ಲಿಂಗ ಬೇರೆ, ವ್ಯಕ್ತಿಯ ಲಿಂಗ ಬೇರೆ. ಇದು ತಿಳಿದರೆ ಹಿಂದಿಯ ಅರ್ಧ ಭಯ ಹೋದಂತೆ.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಲಿಂಗವು ಅರ್ಥದ ಬೆನ್ನು ಹಿಡಿದು ಬರುತ್ತದೆ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಎತ್ತಾಗಲಿ ಹಸುವಾಗಲಿ ಬಂದಿತು. ನಾನು ಬಂದೆ ಎನ್ನುವಾಗಲಂತೂ ಹುಡುಗ ಹುಡುಗಿ ಎಂಬ ಭೇದವೇ ಇಲ್ಲ. ಆ ವಿದ್ಯಾರ್ಥಿನಿ ತಪ್ಪಿದ್ದು ಈ ಕಾರಣದಿಂದ. ಹಿಂದಿಯಲ್ಲಿ ನಪುಂಸಕವೇ ಇಲ್ಲ; ಜಗತ್ತಿನ ವಸ್ತುಗಳೆಲ್ಲ ಎರಡು ಪಂಕ್ತಿಗಳಲ್ಲಿ ಕುಳಿತುಬಿಟ್ಟಿವೆ. ‘ಆ’ಕಾರದಲ್ಲಿ ಮುಗಿಯುವ ‘ಕಮರಾ’ ಪುಲ್ಲಿಂಗ, ‘ಈ’ಕಾರದಲ್ಲಿ ಮುಗಿಯುವ ‘ರೋಟೀ’ ಸ್ತ್ರೀಲಿಂಗ ಎಂಬುದು ಒಳ್ಳೆಯ ಸೂತ್ರವೇ. ಆದರೆ ಪಾನೀ, ಘೀ, ದಹೀ, ಮೋತೀ ಪುಲ್ಲಿಂಗ. ಹವಾ, ಭಾಷಾ ಸ್ತ್ರೀಲಿಂಗ. ಗಂಡಸರ ಮೀಸೆಯೂ ಗಡ್ಡವೂ ಹಿಂದಿಯಲ್ಲಿ ಸ್ತ್ರೀಲಿಂಗ! ಸಂಸ್ಕೃತದ ಆಧಾರವನ್ನು ನಂಬಿದರೂ ಮೋಸ ಹೋಗುತ್ತೇವೆ. ‘ಆತ್ಮಾ’ ಸಂಸ್ಕೃತದಲ್ಲಿ ಪುಲ್ಲಿಂಗ, ಹಿಂದಿಯಲ್ಲಿ ಸ್ತ್ರೀಲಿಂಗ. ‘ದೇವತಾ’ ಅಲ್ಲಿ ಸ್ತ್ರೀಲಿಂಗ, ಇಲ್ಲಿ ಪುಲ್ಲಿಂಗ. ಪುಸ್ತಕ ಎಂಬ ಪದ ಸಂಸ್ಕೃತ, ಮರಾಠಿ, ಕೊಂಕಣಿಗಳಲ್ಲಿ ನಪುಂಸಕವಾಗಿದ್ದು ಹಿಂದಿಗೆ ಹೋದೊಡನೆ ಸ್ತ್ರೀಲಿಂಗವಾಯಿತು. ಸಂಸ್ಕೃತದ ಮೂರು ಲಿಂಗಗಳನ್ನು ಕೊಂಕಣಿ, ಮರಾಠಿ, ಗುಜರಾತಿಗಳು ಉಳಿಸಿಕೊಂಡವು, ಹಿಂದಿ ಎರಡಕ್ಕೆ ಇಳಿಸಿತು. ಲ್ಯಾಟಿನ್ನಿನ ಮೂರನ್ನು ಪೋರ್ಚುಗೀಸು ಎರಡಕ್ಕೆ ಇಳಿಸಿದ್ದೂ ಹೀಗೆಯೇ. ಸ್ಟೀಫನ್ಸರ ಬದುಕಿನಲ್ಲಿ ಇಂಥ ಭಾಷೆಗಳೆಲ್ಲ ಒಂದೆಡೆ ಸೇರಿದ್ದುವು.

ನಮ್ಮ ಎಂಟನೆಯ ತರಗತಿಯವರು ಈಗ ಹೊಸ ಹಿಂದಿ ಪದವನ್ನು ಒಂಟಿಯಾಗಿ ಬರೆದುಕೊಳ್ಳುವುದಿಲ್ಲ. ಮುಂದೆ ‘ಅಚ್ಛಾ’ ಅಥವಾ ‘ಅಚ್ಛೀ’ ಸೇರಿಸಿಯೇ ಬರೆಯುತ್ತಾರೆ. ‘ಅಚ್ಛೀ ಮೂಂಛ್’ ಎಂದು ಆ ವಿದ್ಯಾರ್ಥಿನಿ ಗಟ್ಟಿಯಾಗಿ ಓದಿದಾಗ ಮತ್ತೆ ನಗು ಎದ್ದಿತು. ಈ ಸಲ ಅವಳೂ ನಕ್ಕಳು.

ಸ್ಟೀಫನ್ಸರು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಹೊಸದಾಗಿ ಬರುವ ಪಾದ್ರಿಗಳಿಗಾಗಿ ಕೊಂಕಣಿಯ ನಾಮಪದಗಳ ಲಿಂಗ, ವಿಭಕ್ತಿ, ಕ್ರಿಯಾಪದಗಳ ರೂಪ ಇವನ್ನೆಲ್ಲ ಪೋರ್ಚುಗೀಸಿನಲ್ಲಿ ಬರೆದಿಟ್ಟರು. ‘ಆರ್ತ್ ದ ಲಿಂಗ್ವಾ ಕನಾರಿಂ’ ಎಂದು ಅದರ ಹೆಸರು. ಕನಾರಿಂ ಎಂಬುದನ್ನು ನೋಡಿ ಕನ್ನಡದ ವ್ಯಾಕರಣವೆಂದು ಹಿಗ್ಗಬೇಡಿ. ಪೋರ್ಚುಗೀಸರು ಗೋವೆಯ ಜನರ ಭಾಷೆಯನ್ನು ಹಾಗೆ ಕರೆಯುತ್ತಿದ್ದರು. ಕನ್ನಡದ ವ್ಯಾಕರಣವೂ ಆ ಕಾಲದಲ್ಲಿಯೇ, ಇಲ್ಲಿಂದ ದಕ್ಷಿಣಕ್ಕೆ ಅದೇ ಕರಾವಳಿಯಲ್ಲಿ ಹುಟ್ಟಿತು. ಭಟ್ಕಳದ ಬಳಿಯ ಹಾಡುವಳ್ಳಿಯ ಭಟ್ಟಾಕಳಂಕರು ‘ಕರ್ನಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ್ದು 1604ರಲ್ಲಿ. ಒಬ್ಬರು ಕನ್ನಡವನ್ನು ಸಂಸ್ಕೃತದಲ್ಲಿ, ಇನ್ನೊಬ್ಬರು ಕೊಂಕಣಿಯನ್ನು ಪೋರ್ಚುಗೀಸಿನಲ್ಲಿ ವಿವರಿಸಿದರು.

ವ್ಯಾಕರಣಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅವರ ‘ಕ್ರಿಸ್ತಪುರಾಣ’. ಕೊಂಕಣಿ ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳ ಗ್ರಂಥ. ಅದನ್ನು ಈ ನಾಡಿನ ಲಿಪಿಯಲ್ಲಿಯೇ ಅಚ್ಚು ಹಾಕಿಸಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಗೋವೆಗೆ ಮುದ್ರಣಯಂತ್ರ 1556ರಲ್ಲಿಯೇ ಬಂದಿದ್ದರೂ ನಮ್ಮ ಒತ್ತಕ್ಷರ, ಗುಣಿತಾಕ್ಷರಗಳಿಗೆ ನೂರಾರು ಮೊಳೆಗಳನ್ನು ಎರಕ ಹೊಯ್ಯಬೇಕಿತ್ತು. 1608ರಲ್ಲಿ ಅವರು ಇದಕ್ಕಾಗಿ ರೋಮಿನ ಹಿರಿಯರಿಗೆ ಪತ್ರ ಬರೆದು ಬೇಡಿಕೊಂಡರು. ಅದು ಕೈಗೂಡಲಿಲ್ಲ. 1616ರಲ್ಲಿ ಪುರಾಣವು ರಾಯ್ತೂರಿನಲ್ಲಿ ರೋಮನ್ ಲಿಪಿಯಲ್ಲಿಯೇ ಅಚ್ಚಾಯಿತು.

1619ರಲ್ಲಿ ಸ್ಟೀಫನ್ಸರು ತೀರಿಕೊಂಡರು. ಹುಟ್ಟಿದ ನಾಡಿಗೆ ಒಮ್ಮೆಯೂ ಹಿಂತಿರುಗಲಿಲ್ಲ. ವ್ಯಾಕರಣ ಅಚ್ಚಾದದ್ದನ್ನೂ ಅವರು ನೋಡಲಿಲ್ಲ. ದಿಯೋಗೊ ರಿಬೆಯ್ರೊ ಎಂಬ ಪಾದ್ರಿಗಳು ಅದಕ್ಕೆ ಸೇರಿಸಬೇಕಾದುದನ್ನು ಸೇರಿಸಿ, ಇತರರು ಪರಿಶೀಲಿಸಿ, 1640ರಲ್ಲಿ ರಾಯ್ತೂರಿನಲ್ಲಿ ಪ್ರಕಟಿಸಿದರು. ಭಾರತದ ಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣವೆಂದು ಅದನ್ನು ಎಣಿಸುತ್ತಾರೆ. ಆದರೆ 1684ರಲ್ಲಿ, ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಗೋವೆಯ ವೈಸರಾಯರು ಆಜ್ಞೆ ಹೊರಡಿಸಿದರು. ಹಿಂದಿನ ಪಾದ್ರಿ ಕಷ್ಟಪಟ್ಟು ಕಲಿತ ಭಾಷೆಯನ್ನು ಆಡಬಾರದೆಂದು ಅದೇ ಸರಕಾರ ಹೇಳಿತು! ಜನ ಮನೆಯೊಳಗೆ ಅದನ್ನು ಆಡುತ್ತಲೇ ಉಳಿದರು. ವ್ಯಾಕರಣವನ್ನು ಕುನ್ಹ ರಿವಾರ ಎಂಬ ಅಧಿಕಾರಿ 1857ರಲ್ಲಿ ಮತ್ತೆ ಅಚ್ಚು ಹಾಕಿಸಿದರು. 1987ರಲ್ಲಿ ಕೊಂಕಣಿ ಗೋವೆಯ ರಾಜಭಾಷೆಯಾಯಿತು. ಪರ್ವರಿಯಲ್ಲಿ ಸ್ಟೀಫನ್ಸರ ಹೆಸರಿನ ಕೊಂಕಣಿ ಕೇಂದ್ರವಿದೆ.

ಪುರಾಣದ ಹಳೆಯ ಮುದ್ರಣಗಳ ಪ್ರತಿಗಳು ಸಿಗದೆ ಹೋದುವು. ಅದನ್ನು ಹಸ್ತಪ್ರತಿಗಳಲ್ಲಿ ಕಾಪಾಡಿಕೊಂಡವರು ಕರಾವಳಿಯ ಕ್ರೈಸ್ತ ಮನೆಗಳವರು. ಅಂಥ ಪ್ರತಿಗಳ ಆಧಾರದಿಂದ ಜೋಸೆಫ್ ಸಲ್ದಾನರು 1907ರಲ್ಲಿ ನಮ್ಮ ಮಂಗಳೂರಿನಲ್ಲಿ ಅದನ್ನು ಪ್ರಕಟಿಸಿದರು. ಅದೂ ರೋಮನ್ ಲಿಪಿಯಲ್ಲಿ. ಸ್ಟೀಫನ್ಸರು ಬಯಸಿದ್ದಂತೆ ನಾಗರೀ ಅಕ್ಷರಗಳಲ್ಲಿ ಅದು ಪುಣೆಯಲ್ಲಿ ಅಚ್ಚಾಗಿ ಹೊರಬಂದದ್ದು 1956ರಲ್ಲಿ, ಮೊದಲ ಮುದ್ರಣಕ್ಕೆ 340 ವರ್ಷ ತುಂಬಿದಾಗ.