ಗಿಡದ ಮುಂದೆ ನಿಲ್ಲಿಸಿ ಪಾಠ ಹೇಳಿದ ಬಿ.ಜಿ.ಎಲ್. ಸ್ವಾಮಿ ಮೇಷ್ಟ್ರು

ಹೈಸ್ಕೂಲು ಮಕ್ಕಳಿಗೆ ದಾಸವಾಳದ ಚಿತ್ರ ಬರೀರಿ ಅಂದರೆ ಗೈಡ್‌ನಲ್ಲಿ ಇರೋ ಹಾಗೇ ಚೆಂದವಾಗಿ ಬರೀತಾರೆ. ಹೂವನ್ನೇ ಕೈಗೆ ಕೊಟ್ಟು ಅಂಡಾಶಯ ಎಲ್ಲಿದೆ ತೋರಿಸಿ ಅಂದರೆ ಅರ್ಧ ಕ್ಲಾಸು ತಲೆ ತಗ್ಗಿಸುತ್ತೆ. ಈ ಕಾಯಿಲೆ ಇವತ್ತಿನದೇನಲ್ಲ. ಅದಕ್ಕೆ ಮದ್ದು ಗೊತ್ತಿದ್ದ ಮೇಷ್ಟ್ರೊಬ್ಬರು ಕನ್ನಡದಲ್ಲೇ ಇದ್ದರು. ಸಸ್ಯವಿಜ್ಞಾನಿ ಡಾ. ಬಿ.ಜಿ.ಎಲ್. ಸ್ವಾಮಿ.

ಕಗ್ಗ ಬರೆದ ಡಿ.ವಿ.ಗುಂಡಪ್ಪನವರ ಮಗ ಇವರು. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆಮೇಲೆ ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಇರ್ವಿಂಗ್ ಬೈಲಿ ಎಂಬ ದೊಡ್ಡ ವಿಜ್ಞಾನಿ ಜೊತೆ ಕೆಲಸ ಮಾಡಿದರು. ಬಹುಕಾಲ ಪಾಠ ಹೇಳಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಅಲ್ಲೇ ಪ್ರಿನ್ಸಿಪಾಲರೂ ಆದರು.

ಸ್ವಾಮಿಯವರ ನಿಜವಾದ ಕ್ಲಾಸ್‌ರೂಮು ಅಂದರೆ ಕಾಡು. ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟಕ್ಕೆ ಕರೆದುಕೊಂಡು ಹೋಗಿ ಗಿಡದ ಮುಂದೇ ನಿಲ್ಲಿಸೋರು. ಎಲೆ ಹೇಗೆ ಜೋಡಿಸಿಕೊಂಡಿದೆ, ಹೂವಿಗೆ ಎಸಳೆಷ್ಟು, ಮುರಿದರೆ ಹಾಲು ಬರುತ್ತಾ, ವಾಸನೆ ಹೇಗಿದೆ. ಮೊದಲು ನೋಡಬೇಕು, ಹೆಸರು ಆಮೇಲೆ. ಆ ಪ್ರವಾಸಗಳ ಕಥೆಯೇ 'ಹಸುರು ಹೊನ್ನು'. ಹುಡುಗರ ತರಲೆ, ತಮಾಷೆ, ಹಳೇ ಕಾವ್ಯದ ಮಾತು, ಜೊತೆಗೆ ಸಸ್ಯಶಾಸ್ತ್ರ. ಚಿತ್ರ ಬರೆದದ್ದೂ ಅವರೇ. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನ ಓದದವರೂ ಅದನ್ನು ಕಾದಂಬರಿ ಥರ ಓದಿದರು.

ಕಾಡೇ ಆಗಬೇಕು ಅಂತೇನಿಲ್ಲ, ಸಂತೆಯೂ ಸಾಕು. ಅವರ ಇನ್ನೊಂದು ಪುಸ್ತಕದ ಹೆಸರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ ಇವೆಲ್ಲ ನಮ್ಮ ನೆಲದವಲ್ಲ, ಆ ಕಡೆಯಿಂದ ಹಡಗು ಹತ್ತಿ ಬಂದವು. ಹಾಗಾದರೆ ಮೆಣಸಿನಕಾಯಿ ಬರುವ ಮುಂಚೆ ನಮ್ಮ ಸಾರಿಗೆ ಖಾರ ಎಲ್ಲಿಂದ ಬರ್ತಿತ್ತು? ಒಂಬತ್ತನೇ ಕ್ಲಾಸಿಗೆ ಇಷ್ಟು ಕೇಳಿದರೆ ಸಾಕು, ಒಂದು ಪೀರಿಯಡ್ ಸಾಲೋದಿಲ್ಲ. ಅಂಗಡಿಯವರ ಹತ್ತಿರ ಇರೋ ಕಾಳುಮೆಣಸೇ ಅರ್ಧ ಉತ್ತರ.

ಲ್ಯಾಬಿನಲ್ಲೂ ಅವರದು ಕಣ್ಣಿನ ಕೆಲಸವೇ. ಸಾರ್ಕ್ಯಾಂಡ್ರ ಅನ್ನೋ ಪೊದೆಗಿಡದ ಕಾಂಡವನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿ, ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿ ಇರುವ ನೀರಿನ ಕೊಳವೆ ಇದರಲ್ಲಿ ಇಲ್ಲ ಅಂತ ಅವರೂ ಬೈಲಿಯವರೂ 1950ರಲ್ಲಿ ಪ್ರಕಟಿಸಿದರು. ಆ ಜಾತಿಯ ಒಂದು ಗಿಡಕ್ಕೆ ಸ್ವಾಮಿಯವರು ಬೈಲಿ ಹೆಸರನ್ನೇ ಇಟ್ಟರು. ಗುರುವಿಗೆ ಶಾಲು ಹೊದಿಸೋದಕ್ಕಿಂತ ಇದು ಮೇಲು.

1980ರಲ್ಲಿ ಸ್ವಾಮಿ ತೀರಿಕೊಂಡರು. ಏಳು ವರ್ಷ ಕಳೆದ ಮೇಲೆ ಅಮೆರಿಕದ ಇನ್ನೊಬ್ಬ ವಿಜ್ಞಾನಿ ಅದೇ ಸಾರ್ಕ್ಯಾಂಡ್ರದ ಬೇರು ಕೊಯ್ದು ನೋಡಿದರು. ಅಲ್ಲಿ ಕೊಳವೆ ಇತ್ತು.