ಕಟ್ಟಿಂಗೇರಿಯ ಕಲಾವಿದ

ಬೈಂದೂರಿನ ಒತ್ತಿನೆಣೆ ಗುಡ್ಡದ ಮೇಲೆ ಸಂಜೆಯ ಹೊತ್ತಿನಲ್ಲಿ ನಿಂತವರಿಗೆ ಪಶ್ಚಿಮದ ಕಡಲು, ಮರಳಿನ ದಂಡೆ, ತೆಂಗಿನ ತೋಟಗಳ ಹಸಿರು ಒಂದೇ ನೋಟಕ್ಕೆ ದೊರಕುತ್ತವೆ. ಈ ಕರಾವಳಿಯ ದಂಡೆಗಳಲ್ಲಿ ಕೈರಂಪಣಿಯ ಬಲೆಯನ್ನು ಎಳೆಯುವ ದಿನ ನೋಡಬೇಕಾದುದು ಬೇರೆಯೇ ಇದೆ. ಎರಡು ಸಾಲಾಗಿ ನಿಂತ ಮೀನುಗಾರರು ಹಗ್ಗವನ್ನು ಹಿಡಿದು ಹಿಂದಕ್ಕೆ ಬಾಗುತ್ತಾರೆ. ಒಬ್ಬನ ಬಾಗು ಇನ್ನೊಬ್ಬನಿಗೆ ಸೇರಿ, ಸಾಲಿಗೆ ಸಾಲೇ ಒಂದು ಗೆರೆಯಾಗಿ ತೋರುತ್ತದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ವಿದ್ಯಾರ್ಥಿ ಈ ದೃಶ್ಯವನ್ನು ಸೀಸದ ಕಡ್ಡಿಯಿಂದ ಬರೆದು ತಂದಿದ್ದನು. ಪಕ್ಕದಲ್ಲಿದ್ದವನು, ಕ್ಯಾಮರಾ ಒಂದು ಕ್ಷಣದಲ್ಲಿ ಮಾಡುವ ಕೆಲಸಕ್ಕೆ ಒಂದು ಸಂಜೆಯನ್ನು ಏಕೆ ವ್ಯಯ ಮಾಡಿದೆ ಎಂದು ಅವನನ್ನು ಕೇಳಿದನು. ಹುಡುಗನಿಗೆ ಉತ್ತರ ತೋಚಲಿಲ್ಲ. ನನಗೂ ಕೂಡಲೇ ತೋಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆ ಪ್ರಶ್ನೆಯೊಡನೆ ಬಾಳಿನುದ್ದಕ್ಕೂ ಹೋರಾಡಿದವರೊಬ್ಬರು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ್ದರು. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು, ಕಲಾಪ್ರಪಂಚಕ್ಕೆ ಕೆ. ಕೆ. ಹೆಬ್ಬಾರ್.

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹೆಬ್ಬಾರರು ಜನಿಸಿದರು. ಮನೆಯಲ್ಲಿ ಸಿರಿತನವಿರಲಿಲ್ಲ. ಆದರೆ ತಂದೆಯವರ ಕೈಯಲ್ಲಿ ಜೇಡಿಮಣ್ಣು ಗಣಪತಿಯಾಗುತ್ತಿತ್ತು. ಚೌತಿಯ ಮುಂಚಿನ ದಿನಗಳಲ್ಲಿ ಅಂಥ ಮನೆಯ ಜಗಲಿ ಹೇಗಿರುತ್ತದೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಹಸಿ ಮಣ್ಣಿನ ವಾಸನೆ, ಒಣಗಲು ಸಾಲಾಗಿ ಇಟ್ಟ ಮೂರ್ತಿಗಳು, ಬಣ್ಣದ ಚಿಪ್ಪುಗಳು, ಮುಟ್ಟಬಾರದೆಂದು ಹೇಳಿಸಿಕೊಂಡೂ ಮುಟ್ಟುವ ಮಕ್ಕಳು. ಹಳ್ಳಿಯಲ್ಲಿ ಮಳೆಗಾಲ ಮುಗಿದೊಡನೆ ಯಕ್ಷಗಾನದ ಮೇಳಗಳು ಬರುತ್ತಿದ್ದವು. ಭೂತದ ಕೋಲಗಳು ನಡೆಯುತ್ತಿದ್ದವು. ದೀವಟಿಗೆಯ ಬೆಳಕಿನಲ್ಲಿ ಕೆಂಪು, ಹಳದಿ, ಕಪ್ಪು ಬಣ್ಣಗಳ ವೇಷಗಳು ಕುಣಿಯುವುದನ್ನು ಕಂಡ ಕಣ್ಣಿಗೆ ಮುಂದೆ ಯಾವ ಶಾಲೆಯೂ ಬಣ್ಣದ ಮೊದಲ ಪಾಠವನ್ನು ಹೇಳಿಕೊಡಬೇಕಾಗಿರಲಿಲ್ಲ.

ಚಿತ್ರ ಬರೆಯುವುದರಿಂದ ಹೊಟ್ಟೆ ತುಂಬೀತೆಂಬ ನಂಬಿಕೆ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಪೇಟೆಗಳಲ್ಲಿ ಫೋಟೋ ಸ್ಟುಡಿಯೋಗಳು ತೆರೆದಿದ್ದವು. ಕುಂಚ ಹಿಡಿಯಬಲ್ಲ ಎಷ್ಟೋ ತರುಣರು ಅಲ್ಲಿ ಕಪ್ಪು ಬಿಳುಪಿನ ಭಾವಚಿತ್ರಗಳಿಗೆ ಬಣ್ಣ ತುಂಬುವ, ಮುಖದ ಕಲೆಗಳನ್ನು ತಿದ್ದುವ ಕೆಲಸದಲ್ಲಿಯೇ ಸವೆದುಹೋದರು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಛಾಯಾಚಿತ್ರ ವಿದ್ಯೆಯು ಭಾರತಕ್ಕೆ ಬರಲು ತಡವಾಗಲಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ 1855ರಷ್ಟು ಹಿಂದೆಯೇ ಅದರ ತರಗತಿ ಆರಂಭವಾಗಿತ್ತು. ವ್ಯಕ್ತಿಯ ತದ್ರೂಪನ್ನು ಬರೆದುಕೊಡುವುದೇ ಕುಲಕಸುಬಾಗಿದ್ದ ಚಿತ್ರಕಾರರ ಅನ್ನಕ್ಕೆ ಈ ಯಂತ್ರ ಕೈಹಾಕಿತ್ತು.

ಹೆಬ್ಬಾರರು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಹೋದರು. ಬಳಿಕ ಮುಂಬಯಿಯನ್ನು ಸೇರಿದರು. 1933ರಲ್ಲಿ ಅಲ್ಲಿಯ ಸರ್ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಯಾದಾಗ ಅವರಿಗೆ ಇಪ್ಪತ್ತೆರಡು ವರ್ಷ. ಸರ್ ಜಮ್‌ಷೇಟ್‌ಜಿ ಜೀಜಿಭಾಯಿಯವರ ಔದಾರ್ಯದಿಂದ 1857ರಲ್ಲಿ ಆರಂಭವಾದ ಆ ಶಾಲೆಯು ದೇಶದ ಹಿರಿಯ ಕಲಾಶಾಲೆಗಳಲ್ಲೊಂದು. 2023ರಲ್ಲಿ ಅದು ವಿಶ್ವವಿದ್ಯಾಲಯವೆಂದೇ ಪರಿಗಣಿತವಾಯಿತು. ಹೆಬ್ಬಾರರು ಸೇರಿದಾಗ ಅಲ್ಲಿಯ ಶಿಕ್ಷಣ ಯುರೋಪಿನ ಪದ್ಧತಿಯದು. ಪ್ಲಾಸ್ಟರಿನ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ನೆರಳು ಬೆಳಕುಗಳನ್ನು ಅಭ್ಯಾಸ ಮಾಡಬೇಕು. ಅನಂತರ ಜೀವಂತ ವ್ಯಕ್ತಿಯನ್ನು ಕೂರಿಸಿಕೊಂಡು ಅಂಗಾಂಗಗಳ ಪ್ರಮಾಣ ತಪ್ಪದಂತೆ ಬರೆಯಬೇಕು. ದೂರದ ವಸ್ತು ಚಿಕ್ಕದಾಗಿ, ಸಮೀಪದ್ದು ದೊಡ್ಡದಾಗಿ ಕಾಣುವ ಲೆಕ್ಕಾಚಾರ ಕರಗತವಾಗಬೇಕು. ಕಂಡದ್ದನ್ನು ಕಂಡಂತೆಯೇ ಬರೆಯುವುದು ಆ ಶಿಕ್ಷಣದ ಗುರಿ. ಹೆಬ್ಬಾರರು ಐದು ವರ್ಷ ಶ್ರದ್ಧೆಯಿಂದ ಅದನ್ನು ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅದೇ ಶಾಲೆಯಲ್ಲಿ ಅಧ್ಯಾಪಕರೂ ಆದರು.

ಕರಾವಳಿಯ ಬಡ ಮನೆಯಿಂದ ಬಂದ ತರುಣನಿಗೆ ಮುಂಬಯಿಯಲ್ಲಿ ಮಾಸ್ತರಿಕೆ ದೊರೆತರೆ ಮತ್ತೇನು ಬೇಕು? ಬಹುಮಂದಿ ಅಲ್ಲಿಗೇ ನಿಲ್ಲುತ್ತಿದ್ದರು. ಹೆಬ್ಬಾರರ ನಿಜವಾದ ಕಷ್ಟ ಅಲ್ಲಿಂದ ಮೊದಲಾಯಿತು. ತಾವು ಸಾಧಿಸಿದ ಕೌಶಲವೇ ಅವರಿಗೆ ಅನುಮಾನದ ವಸ್ತುವಾಯಿತು. ಕಂಡದ್ದನ್ನು ಕಂಡಂತೆ ಒಪ್ಪಿಸುವ ಕೆಲಸಕ್ಕೆ ಕ್ಯಾಮರಾ ಇದೆ. ಹಾಗಿದ್ದರೆ ಕೈ ಮಾಡಬೇಕಾದುದು ಯಾವುದು? ಈ ಯೋಚನೆ ಅವರನ್ನು ಅಜಂತೆಯ ಗೋಡೆಗಳ ಕಡೆಗೆ, ಜೈನ ಹಸ್ತಪ್ರತಿಗಳ ಚಿತ್ರಗಳ ಕಡೆಗೆ, ರಾಜಪೂತ ಮತ್ತು ಮೊಗಲ್ ಕಿರುಚಿತ್ರಗಳ ಕಡೆಗೆ ಕರೆದೊಯ್ದಿತು. ಅಲ್ಲಿ ನೆರಳಿನ ಲೆಕ್ಕವಿಲ್ಲ, ದೂರ ಸಮೀಪಗಳ ಗಣಿತವಿಲ್ಲ. ಗೆರೆಯೊಂದು ಬಾಗಿದರೆ ಕತ್ತು ಬಾಗುತ್ತದೆ, ದುಃಖವೂ ತಿಳಿಯುತ್ತದೆ. ಯುರೋಪಿನ ಗೊಗ್ಯಾನ್ ಮತ್ತು ನಮ್ಮವರೇ ಆದ ಅಮೃತಾ ಶೇರ್‌ಗಿಲ್ ಇವರ ಕೃತಿಗಳೂ ಅವರಿಗೆ ದಾರಿ ತೋರಿದವು. ಕೇರಳದ ಕಡೆಗೆ ಪ್ರವಾಸ ಮಾಡಿದಾಗ ಕೆಂಪು ಮಣ್ಣು, ಹಸಿರು, ಬಿಳಿ ಉಡುಗೆಯ ಜನ ಅವರ ಚಿತ್ರಗಳಲ್ಲಿ ನೆಲೆಸಿದರು. ಕಟ್ಟಿಂಗೇರಿಯಲ್ಲಿ ಹುಟ್ಟಿದವರಿಗೆ ಇವೇನೂ ಹೊಸವಲ್ಲ. ಹೊಸದಾಗಿದ್ದುದು ಅವನ್ನು ಬರೆಯುವ ರೀತಿ.

ಮುಂಬಯಿಯ ಕಲಾವಲಯದಲ್ಲಿ ಹೆಸರು ನೆಲೆಗೊಳ್ಳುತ್ತಿದ್ದಾಗ, ಅಧ್ಯಾಪಕರಾಗಿ ಎಷ್ಟೋ ಮಂದಿಗೆ ಪಾಠ ಹೇಳಿದ್ದ ಹೆಬ್ಬಾರರು 1949ರಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಪ್ಯಾರಿಸ್ಸಿಗೆ ಹೊರಟರು. ಆಗ ಅವರಿಗೆ ಮೂವತ್ತೆಂಟು ವರ್ಷ, ಸಂಸಾರದ ಹೊಣೆಯೂ ಇತ್ತು. ಆ ವಯಸ್ಸಿನಲ್ಲಿ ಪುಸ್ತಕದ ಚೀಲವನ್ನು ಮತ್ತೆ ಹೆಗಲಿಗೇರಿಸುವುದು ಸುಲಭದ ಮಾತಲ್ಲ. ಮೂವತ್ತೈದರಲ್ಲಿ ಎಂ.ಎ. ಪರೀಕ್ಷೆಗೆ ಕುಳಿತ ನನಗೆ ಅದರ ಸಂಕೋಚ ಸ್ವಲ್ಪಮಟ್ಟಿಗೆ ಗೊತ್ತು. ಅಲ್ಲಿಯ ಅಕಾಡೆಮಿ ಜೂಲಿಯನ್‌ನಲ್ಲಿ ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಎಕೋಲ್ ಎಸ್ತಿಯೆನ್ ಎಂಬ ಶಾಲೆಯಲ್ಲಿ ಮುದ್ರಣಕ್ಕೆ ಸಂಬಂಧಿಸಿದ ಗ್ರಾಫಿಕ್ ಕಲೆಯನ್ನು ಕಲಿತರು. ಯುರೋಪಿನ ವಸ್ತುಸಂಗ್ರಹಾಲಯಗಳನ್ನು ಕಂಡು ಊರಿಗೆ ಮರಳಿದರು. ಅಲ್ಲಿ ಕಂಡದ್ದರ ನಕಲನ್ನು ಅವರು ತರಲಿಲ್ಲವೆಂಬುದು ಅವರ ಮುಂದಿನ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ.

ಗೆರೆಯ ಗುಟ್ಟನ್ನು ಅರಿಯಲು ಅವರು ಮಾಡಿದ ಇನ್ನೊಂದು ಪ್ರಯತ್ನ ವಿಚಿತ್ರವಾದುದು. ನರ್ತಕರನ್ನು ಬರೆಯುವವನಿಗೆ ನರ್ತನದ ಲಯ ಒಳಗಿನಿಂದ ತಿಳಿದಿರಬೇಕೆಂದು ಭಾವಿಸಿ, ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ವೇದಿಕೆಯ ಆಸೆ ಅವರಿಗಿರಲಿಲ್ಲ. ಕಾಲು ನೆಲವನ್ನು ತಟ್ಟುವಾಗ ಬೆನ್ನು ಏನು ಮಾಡುತ್ತದೆ, ಸುತ್ತುವಾಗ ಮೈಯ ಭಾರ ಎಲ್ಲಿ ನಿಲ್ಲುತ್ತದೆ ಎಂಬುದು ಸ್ವಂತ ಮೈಗೆ ಗೊತ್ತಾದ ಮೇಲೆ ಕೈಗೆ ಗೊತ್ತಾಗದಿರುವುದೇ? ಈ ಸಾಧನೆಯ ಫಲ ಅವರ ರೇಖಾಚಿತ್ರಗಳಲ್ಲಿದೆ. 1964ರಲ್ಲಿ ಅವು ಸಂಪುಟವಾಗಿ ಪ್ರಕಟವಾದವು. ಆ ಸಂಪುಟಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ, ಹಾಡುವ ರೇಖೆ ಎಂದು.

ಗೌರವಗಳು ಬಂದವು: 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ; ನಡುವೆ ಕೆಲವು ವರ್ಷ ರಾಷ್ಟ್ರೀಯ ಲಲಿತಕಲಾ ಅಕಾಡೆಮಿಯ ಅಧ್ಯಕ್ಷ ಪದವಿ. ಅವುಗಳ ಪಟ್ಟಿ ನಮಗೆ ಇಲ್ಲಿ ಮುಖ್ಯವಲ್ಲ. ಅವರ ವಸ್ತುಗಳು ಬದಲಾಗುತ್ತ ಹೋದುದು ಹೆಚ್ಚು ಗಮನಾರ್ಹ. ಹಳ್ಳಿಯ ದುಡಿಮೆ, ಹಬ್ಬ, ಕುಣಿತಗಳನ್ನು ಬರೆದ ಕೈಯೇ ಹಸಿವನ್ನೂ ಯುದ್ಧದ ಸಂಕಟವನ್ನೂ ಬರೆಯಿತು. ಮುಂದೆ ಆಕಾಶಯಾನದ ಯುಗದ ಬೆರಗೂ ಅವರ ಚಿತ್ರಗಳನ್ನು ಪ್ರವೇಶಿಸಿತು. ಒಂದು ಶೈಲಿಗೆ ಹೆಸರು ಬಂದೊಡನೆ ಅದರಲ್ಲಿಯೇ ಬಾಳಿಡೀ ವ್ಯಾಪಾರ ನಡೆಸುವವರುಂಟು. ಹೆಬ್ಬಾರರು ಆ ಗುಂಪಿನವರಲ್ಲ. ಆದರೂ ಅವರ ಕೊನೆಯ ಕಾಲದ ವರ್ಣಚಿತ್ರಗಳಿಗಿಂತ ರೇಖಾಚಿತ್ರಗಳೇ ನನಗೆ ಹೆಚ್ಚು ಪ್ರಿಯ. ಬಲ್ಲವರು ಇದನ್ನು ಒಪ್ಪದೆ ಇರಬಹುದು.

1996ರ ಮಾರ್ಚ್ ತಿಂಗಳಲ್ಲಿ ಹೆಬ್ಬಾರರು ಮುಂಬಯಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳ ಸಂಗ್ರಹವಿದೆ. ಪ್ರವಾಸಕ್ಕೆಂದು ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ವಿಧಾನಸೌಧದ ಮುಂದೆ ಛಾಯಾಚಿತ್ರ ತೆಗೆಸಿಕೊಂಡ ಮೇಲೆ ಒಂದು ಗಳಿಗೆ ಅಲ್ಲಿಗೂ ಹೋಗಬಹುದು. ನಾನು ನಮ್ಮ ಶಾಲೆಯ ಆ ಇಬ್ಬರು ಹುಡುಗರಿಗೆ ಗ್ರಂಥಾಲಯದ ಪುಸ್ತಕವೊಂದರಲ್ಲಿದ್ದ ಹೆಬ್ಬಾರರ ರೇಖಾಚಿತ್ರವನ್ನು ತೋರಿಸಿದೆ. ಅದರಲ್ಲಿ ಮುಖದ ವಿವರವಿಲ್ಲ, ಬೆರಳುಗಳ ಎಣಿಕೆಯಿಲ್ಲ; ಕೆಲವೇ ಗೆರೆಗಳು. ಕ್ಯಾಮರಾದ ಪಕ್ಷ ವಹಿಸಿದ್ದವನು ಬಹಳ ಹೊತ್ತು ಅದನ್ನು ನೋಡುತ್ತ ಕುಳಿತನು. ಕೊನೆಗೆ ತನ್ನ ಗೆಳೆಯನು ಬರೆದಿದ್ದ ರಂಪಣಿಯ ಚಿತ್ರವನ್ನು ಮತ್ತೊಮ್ಮೆ ತೋರಿಸೆಂದು ಕೇಳಿದನು.